ಪರದೆ ಇರಲಿ, ಪುಸ್ತಕಾನೂ ಇರಲಿ

ನಮ್ಮ ಸ್ತ್ರೀಯರ ಕೂಟದಾಗ ಈಗ ಎರಡು ಪಕ್ಷ ಆಗ್ಯಾವ. ಚರ್ಚಿನ ಗ್ವಾಡಿಗೆ ದೊಡ್ಡ ಪರದೆ ಹಾಕಿ ಅದರಾಗ ಹಾಡು, ವಾಕ್ಯ ತೋರಸೂದು ಚೊಲೋ ಆತು ಅನ್ನೋರು ಒಂದು ಕಡೆ, ಹಿರ್ಯಾರ ಕಾಲದ ಭಕ್ತಿ ಹಾಳಾತು ಅನ್ನೋರು ಇನ್ನೊಂದು ಕಡೆ. ನನ್ನೂ ಕೇಳ್ತಾರ, "ನೀವು ಯಾ ಕಡೆ ರೀ?" ಅಂತ. ನಿಂತ ನಿಂತಲ್ಲೇ ಒಂದು ಮಾತಿನಾಗ ಹೇಳೂವಂಥಾದ್ದಲ್ಲ, ಅದಕ್ಕ ಬರಿಯಾಕ ಕುಂತೀನಿ.

"ಹಿಂದಿನವರು ಹಿಂಗೆಲ್ಲ ಮಾಡ್ತಿರಲಿಲ್ಲ" ಅಂತೀವಿ. ಆದ್ರ ಹಿಂದಿನವರು ಏನು ಮಾಡಿದ್ರು ಅಂತ ಸ್ವಲ್ಪ ನೋಡ್ರಿ. ಬಾಸೆಲ್ ಮಿಶನ್ನಿನವರು 1834ರಾಗ ಮಂಗಳೂರಿಗೆ ಬಂದ್ರು, 1837ರಾಗ ಧಾರವಾಡಕ್ಕ, 1839ರಾಗ ನಮ್ಮ ಹುಬ್ಬಳ್ಳಿಗೆ. 1841ರಾಗ ಮಂಗಳೂರಾಗ ಕಲ್ಲಚ್ಚಿನ ಛಾಪಖಾನೆ ಇಟ್ರು. ಆ ಕಾಲಕ್ಕ ಅದು ಎಷ್ಟು ಹೊಸಾ ಯಂತ್ರ ಇರಬೇಕು! 1843ರಾಗ ಮೋಗ್ಲಿಂಗ್ ಸಾಹೇಬ್ರು 'ಮಂಗಳೂರ ಸಮಾಚಾರ' ತಂದ್ರು, ಕನ್ನಡದ ಮೊದಲ ಪತ್ರಿಕೆ ಅದು. 1894ರಾಗ ದೊಡ್ಡ ನಿಘಂಟು ಕೊಟ್ಟ ಕಿಟೆಲ್ ಸಾಹೇಬ್ರು, ಅದಕ್ಕೂ ಮೊದಲ ಯೇಸುಸ್ವಾಮಿ ಕಥಿನ್ನ ನಮ್ಮ ಕನ್ನಡ ಹಾಡಿನ ಧಾಟಿಗೆ ಕೂಡಿಸಿ 'ಕಥಾಮಾಲೆ' ಬರದ್ರು. ಧಾರವಾಡದ ಕಾಲೇಜಿಗೆ ಇವರದ ಹೆಸರು. ಅಂದ್ರ ನಾವು ಇವತ್ತ ಹಳೇದು ಅಂತ ಎದಿಗೆ ಅವಚಿಕೊಳ್ಳೋ ಅಚ್ಚಿನ ಪುಸ್ತಕ ಒಂದು ಕಾಲಕ್ಕ ಹೊಸ ಪದ್ಧತಿನ. ನಮ್ಮ ಹಾರ್ಮೋನಿಯಂ ಸೈತ ಪರದೇಶದಿಂದ ಬಂದದ್ದು. ಹೊಸಾದಂತ ಒಂದರ ಮ್ಯಾಲ ಸಿಟ್ಟಾಗಾಕ ನನಗ ಮನಸ್ಸಿಲ್ಲ.

2020ರಾಗ ಮಾರ್ಚ್ 25ಕ್ಕ ಲಾಕ್‌ಡೌನ್ ಆತು. ಏಪ್ರಿಲ್ 10 ಶುಭ ಶುಕ್ರವಾರ, 12 ಈಸ್ಟರ್, ಎರಡೂ ದಿನ ಚರ್ಚಿನ ಬಾಗಲಕ್ಕ ಕೀಲಿ. ಅಡಗಿಮನ್ಯಾಗ ಸಕ್ಕರಿ ಡಬ್ಬಿಗೆ ಫೋನ್ ಆನಿಸಿಟ್ಟು, ನಾವು ಮನಿ ಮಂದಿ ನೆಲಕ್ಕ ಕುಂತು ಪಾಸ್ಟರ್ ಪ್ರಸಂಗ ಕೇಳಿದ್ವಿ. ನಮ್ಮ ಓಣ್ಯಾಗಿನ ಒಬ್ಬ ಹುಡುಗಿ ಕುವೈತಿನಾಗ ನರ್ಸ್ ಅದಾಳ. ಆ ವರ್ಷ ಆಕಿ ಅವ್ವ ತೀರಿಕೊಂಡಾಗ ವಿಮಾನ ಇರಲಿಲ್ಲ. ತಮ್ಮ ಫೋನ್ ಹಿಡದ ನಿಂತ, ಆಕಿ ಅಲ್ಲಿಂದ ಅವ್ವನ ಮಣ್ಣು ನೋಡಿದ್ಲು, ಪ್ರಾರ್ಥನಿಗೆ "ಆಮೆನ್" ಅಂದ್ಲು. ಆ ಫೋನ್ ಇರಲಿಲ್ಲಂದ್ರ ಆಕಿ ಪಾಲಿಗೆ ಅಷ್ಟೂ ಇರ್ತಿರಲಿಲ್ಲ.

ಇನ್ನ ಇನ್ನೊಂದು ಮಗ್ಗಲು ಹೇಳ್ತೀನಿ. ನಮ್ಮ ಅತ್ತಿಗೆ ಈಗ 82. ಕಣ್ಣು ಮಂಜು, ಪರದೆ ಮ್ಯಾಲಿನ ಅಕ್ಷರ ಕಾಣಸೂದಿಲ್ಲ. ಹಳೇ ಹಾಡು ಅಂದ್ರ ಪುಸ್ತಕಾನ ಬ್ಯಾಡ, ನಂಬರ್ ಹೇಳಿದ್ರ ಸಾಕು, ಐದೂ ಚರಣ ಬಾಯಿಲೆ ಬರ್ತಾವ. ಪರದೆ ಬಂದ ಮ್ಯಾಲ ಪುಸ್ತಕ ಕಪಾಟು ಸೇರಿದ್ವು, ಹಾಡೂ ಬದಲಾದ್ವು. ಅತ್ತಿ ಆರಾಧನಿ ತುಂಬ ಬಾಯಿ ಮುಚ್ಚಿಕೊಂಡು ಕುಂದ್ರಾಕ ಹತ್ತಿದ್ರು. ಮನಿಗೆ ಬಂದು ಪಾತ್ರಿ ಒರಸ್ತಾ ತಮ್ಮಷ್ಟಕ್ಕ ತಾವ ಹಾಡಿಕೊಳ್ತಿದ್ರು. ಅವರಿಗೆ ಭಕ್ತಿ ಕಡಿಮಿ ಆಗಿಲ್ಲ. ಸಭೆದಾಗ ಅವರ ದನಿಗೆ ಜಾಗ ಇಲ್ಲದಂಗ ಆತು, ಅಷ್ಟ.

ಇನ್ನೊಂದು ಸಂಗತಿ ಇದಕ್ಕಿಂತ ನನ್ನ ಮನಸ್ಸಿಗೆ ಹತ್ತೇತಿ. ಹೋದ ವರ್ಷ ಕೂಟದ ಒಬ್ಬ ಅಕ್ಕಾರಿಗೆ ಹೊಟ್ಟಿ ಆಪರೇಶನ್ ಆತು. ನಾನು ಆಗ ಮಗಳ ಬಾಣಂತನಕ್ಕ ಬೆಳಗಾವಿಯೊಳಗ ಇದ್ದೆ. ಗ್ರೂಪಿನಾಗ ಸುದ್ದಿ ಬಂದದ್ದ ತಡ, ಕೈ ಜೋಡಿಸಿದ ಚಿತ್ರ ಸಾಲಾಗಿ ಬಂದ್ವು. ನಾನು ಊರಿಗೆ ಬಂದು ಅವರ ಮನಿಗೆ ಹೋದಾಗ ಅವರು ನಕ್ಕೋತನ ಅಂದ್ರು, "ಜೋಡಿಸಿದ ಕೈ ಭಾಳ ಬಂದ್ವು ರೀ, ಗಂಜಿ ಕಾಸಿ ಕೊಡೋ ಕೈ ಒಂದೂ ಬರಲಿಲ್ಲ." ಮೊದಲ ಹಂಗಲ್ಲ. ಯಾರರ ಮಲಗ್ಯಾರ ಅಂದ್ರ, ಒಬ್ಬರು ರೊಟ್ಟಿ, ಒಬ್ಬರು ಸಾರು, ಒಬ್ಬರು ಬೈಬಲ್ ಹಿಡಕೊಂಡು ಹೋಗ್ತಿದ್ರು. ಪ್ರಾರ್ಥನಿ ಮಾಡೂಮುಂದ ರೋಗಿ ತಲಿ ಮ್ಯಾಲ ಕೈ ಇಡ್ತಿದ್ರು. ಚಿತ್ರ ಕಳಿಸಿದವರು ಕೆಟ್ಟವರಲ್ಲ. ಕಳಿಸಿದ ಕೂಡ್ಲೆ ಕೆಲಸ ಮುಗೀತು ಅಂತ ಅನಸ್ತದ, ಅಷ್ಟ ಅದರ ದೋಷ.

ಬೈಬಲಿನಾಗೂ ಈ ಮಾತು ಐತಿ. ಯೋಹಾನನ ಎರಡನೇ ಪತ್ರ ಒಂದ ಅಧ್ಯಾಯದ್ದು, ಅದನ್ನ ಒಬ್ಬ ಹೆಣಮಗಳಿಗೆ ಬರದಂಗ ಬರದಾನ. ಕಡೀಕ ಬಂದು, ಹೇಳೂದು ಇನ್ನೂ ಭಾಳ ಐತಿ, ಆದ್ರ ಅದನ್ನ ಕಾಗದ ಮಸಿಲೆ ಬರಿಯಾಕ ಒಲ್ಲೆ, ನಾನ ಬಂದು ಮುಖ ನೋಡಿ ಮಾತಾಡ್ತೀನಿ ಅನ್ನೋ ಅರ್ಥದ ಮಾತು ಬರ್ತದ. ಅವಗ ಕಾಗದ ಮಸಿ ಹೆಂಗೋ ನಮಗ ಫೋನ್ ಹಂಗ. ಅಂವಾ ಪತ್ರ ಬರಿಯೂದು ಬಿಡಲಿಲ್ಲ, ಪತ್ರ ಬರದೆ ಅಂತ ಹೋಗೂದೂ ಬಿಡಲಿಲ್ಲ.

ಹೊಸಾದು ಏನರ ಬಂದಾಗ ನಾನು ಒಂದ ಪ್ರಶ್ನಿ ಕೇಳ್ತೀನಿ: ಇದರಿಂದ ಯಾರು ಹತ್ರ ಬಂದ್ರು, ಯಾರು ದೂರ ಆದ್ರು? ದೂರ ಆದವರಿಗೆ ಒಂದು ದಾರಿ ಮಾಡಿಕೊಟ್ರ, ಪರದೆ ಇದ್ರೇನು, ಫೋನ್ ಇದ್ರೇನು.

ಕೂಟದಾಗ ಎರಡು ಕೆಲಸ ಹಚ್ಚಿಕೊಂಡೀವಿ. ಗ್ರೂಪಿನಾಗ ರೋಗಿ ಸುದ್ದಿ ಬಂದ್ರ, ಕೈ ಜೋಡಿಸೂ ಮೊದಲ ಇಬ್ಬರು ತಮ್ಮ ಹೆಸರು ಹಾಕಬೇಕು, ಅವತ್ತಿನ ಡಬ್ಬಿ ಅವರದು. ಇನ್ನೊಂದು, ಪ್ರತಿ ಐತವಾರ ಒಂದು ಹಾಡು ಹಳೇ ಪುಸ್ತಕದ್ದು, ಪರದೆ ಆರಿಸಿ ಹಾಡೂದು. ಪಾಸ್ಟರ್ ಹೂಂ ಅಂದಾರ. ಕಣ್ಣು ಮಂಜಾದವರಿಗೆ ಅಂತ ಕಾಲೇಜ್ ಹುಡುಗ್ಯಾರು ಆ ಹಾಡು ಕಂಪ್ಯೂಟರಿನಾಗ ದಪ್ಪ ಅಕ್ಷರದಾಗ ಟೈಪ್ ಮಾಡಾಕ ಹತ್ಯಾರ. ಪುಸ್ತಕದ ಹಾಳಿ ಹರದಲ್ಲಿ ನಮ್ಮ ಅತ್ತಿ ಬಾಯಿಲೆ ಹೇಳ್ತಾರ, ಅವರು ಬರಕೊಳ್ತಾರ. ಒಬ್ಬಾಕಿಗೆ ಧಾಟೀನೂ ಬೇಕಾಗಿ, ಅತ್ತಿ ಹಾಡಿದ್ದನ್ನ ಫೋನಿನಾಗ ತುಂಬಿಕೊಂಡ ಹೋದ್ಲು.

ನಿಮ್ಮ ಮನಿ ಅಟ್ಟದ ಮ್ಯಾಲ ಹಳೇ ಗೀತ ಪುಸ್ತಕ ಇದ್ರ, ಹರದಿದ್ರೂ ಅಡ್ಡಿಲ್ಲ, ರದ್ದಿಗೆ ಹಾಕಬ್ಯಾಡ್ರಿ. ಬುಧವಾರದ ಕೂಟಕ್ಕ ತರ್ರಿ. ಇನ್ನೂ 40 ಹಾಡು ಉಳದಾವ.