ಕೆದಕಿ ನೋಡುವ ಚಪಲ

ಬೆಂಡೆಕಾಯಿಯ ತುದಿ ಮುರಿದರೆ ಎಳೆಯದೋ ಬಲಿತದ್ದೋ ತಿಳಿಯುತ್ತದೆ. ಹಲಸಿನಹಣ್ಣಂತೂ ಬೀದಿಗೆಲ್ಲ ವಾಸನೆ ಹಬ್ಬಿಸಿ ತಾನೇ ಡಂಗುರ ಸಾರಿಬಿಡುತ್ತದೆ. ಆಲೂಗಡ್ಡೆ ಮಾತ್ರ ತುಟಿಪಿಟಕ್ಕೆನ್ನದು. ಒಳಗೆ ಗೋಲಿಯಷ್ಟಿದೆಯೋ ಮುಷ್ಟಿಯಷ್ಟಿದೆಯೋ, ಹೇಳುವವರು ಯಾರು?

ನಮ್ಮ ಎದುರುಮನೆ ರಾಯರು ಬುಟ್ಟಿಯಲ್ಲೇ ಮೊಳಕೆಯೊಡೆದಿದ್ದ ಗಡ್ಡೆಗಳನ್ನು ಕಣ್ಣು ಉಳಿಸಿ ಕೊಯ್ದು, ತಾರಸಿಯ ಚೀಲದಲ್ಲಿ ನೆಟ್ಟಿದ್ದರು. ನಿವೃತ್ತರಿಗೆ ಕಾಫಿಗೂ ಪೇಪರಿಗೂ ನಡುವೆ ಒಂದಿಷ್ಟು ಬಿಡುವಿರುತ್ತದೆ ನೋಡಿ, ಆಗ ದಿನವೂ ಮೇಲೆ ಹತ್ತಿ ಮಣ್ಣಿಗೆ ಬೆರಳು ತೂರಿಸುವುದು. “ನೀವು ಬಿಟ್ಟರೆ ತಾನೇ ಅದು ಬೆಳೆಯೋದು?” ಎಂದು ಅವರ ಮನೆಯವರು ಕೆಳಗಿನಿಂದಲೇ ಕೂಗುತ್ತಿದ್ದರು.

ಹಾಗೆಂದು ರಾಯರದು ಪೂರ್ತಿ ತಪ್ಪೇನಲ್ಲ. ಗಿಡ ಹೂಬಿಟ್ಟು ಸ್ವಲ್ಪ ದಿನ ಕಳೆದ ಮೇಲೆ ಬದಿಯಿಂದ ಮೆಲ್ಲಗೆ ನಾಲ್ಕು ಎಳೆಗಡ್ಡೆ ಕದಿಯಬಹುದು. ಸಿಪ್ಪೆ ಹೆರೆಯುವ ಕೆಲಸವೇ ಇಲ್ಲ, ಸಾಸಿವೆ, ಹಸಿಮೆಣಸಿನಕಾಯಿ ಒಗ್ಗರಣೆ ಸಾಕು. ಆದರೆ ಕೆಲವು ಗಿಡ ಹೂ ಬಿಡುವುದೇ ಇಲ್ಲ, ಅದು ಬೇರೆ ಮಾತು. ಕದಿಯುವುದೆಂದಾಗ ನೆನಪಾಯಿತು. ಹದಿನೆಂಟನೇ ಶತಮಾನದ ಫ್ರಾನ್ಸಿನಲ್ಲಿ ಆಲೂಗಡ್ಡೆಯೆಂದರೆ ಜನ ಮೂಗು ಮುರಿಯುತ್ತಿದ್ದರು. ಪಾರ್ಮೆಂಟಿಯೇ ಎಂಬಾತ ಪ್ಯಾರಿಸ್ ಬಳಿ ಹೊಲ ಮಾಡಿ, ಹಗಲು ಸಿಪಾಯಿಗಳ ಕಾವಲು ಹಾಕಿಸಿ, ರಾತ್ರಿ ಬೇಕೆಂದೇ ತೆಗೆಸುತ್ತಿದ್ದನಂತೆ. ಕಾವಲಿರುವ ಗಡ್ಡೆ ಏನೋ ದೊಡ್ಡದೇ ಇರಬೇಕೆಂದು ಜನ ಕದ್ದು ಒಯ್ದರಂತೆ. ನಿಜವೋ ಸುಳ್ಳೋ, ಕಥೆ ಸೊಗಸಾಗಿದೆ.

ಹಾಸನದ ಕಡೆಯ ರೈತರಿಗೆ ಇಂಥ ಕಳ್ಳಾಟಕ್ಕೆಲ್ಲ ಪುರಸೊತ್ತೆಲ್ಲಿ? ಜಲಂಧರ್‌ನಿಂದ ಲಾರಿಯಲ್ಲಿ ಬಂದ ಕುಫ್ರಿ ಜ್ಯೋತಿ ಬಿತ್ತನೆಗಡ್ಡೆಯನ್ನು ಮುಂಗಾರಿಗೆ ನೆಟ್ಟರೆ ಹೆಚ್ಚುಕಡಿಮೆ ಮೂರು ತಿಂಗಳ ಬೆಳೆ. ಕೆಳಗಿನ ಎಲೆಯಿಂದ ಶುರುವಾಗಿ ಗಿಡವೆಲ್ಲ ಹಳದಿಯಾಗಿ ವಾಲಿತೋ, ಕಾಲ ಬಂತೆಂದು ಲೆಕ್ಕ. ಆದರೆ ಮೋಡ ಮುಚ್ಚಿ ಜಿನುಗುಮಳೆ ಹಿಡಿದಾಗ ಎಲೆಯಂಚಿನಲ್ಲಿ ಕಪ್ಪು ಮಚ್ಚೆ ಬಿದ್ದು ಗಿಡ ನಾಲ್ಕೇ ದಿನದಲ್ಲಿ ಸುಟ್ಟಂತಾದರೆ ಅದು ಹಣ್ಣಾದದ್ದಲ್ಲ, ಅಂಗಮಾರಿ. ಎರಡರಲ್ಲೂ ಗಿಡ ಒಣಗುವುದೇನೋ ಹೌದು. ಒಂದರಲ್ಲಿ ಮನೆಗೆ ದುಡ್ಡು ಬರುತ್ತದೆ, ಇನ್ನೊಂದರಲ್ಲಿ ಹಾಕಿದ್ದೂ ಹೋಗುತ್ತದೆ. ಗಡ್ಡೆ ಬಲಿತರೂ ಮಾರುಕಟ್ಟೆಯ ರೇಟು ಬಲಿಯಬೇಕಲ್ಲ, ಆ ಗೋಳು ಹೇಳತೊಡಗಿದರೆ ಇವತ್ತಿಗೆ ಮುಗಿಯದು.

ನನ್ನನ್ನು ಕೇಳಿದರೆ ಹೆಬ್ಬೆರಳಿಗಿಂತ ದೊಡ್ಡ ಜ್ಯೋತಿಷಿಯಿಲ್ಲ. ಒಂದು ಗಡ್ಡೆ ತೆಗೆದು ಉಜ್ಜಿ ನೋಡಿ. ಸಿಪ್ಪೆ ಜಾರಿ ಬಂದರೆ ಇನ್ನೂ ಎಳಸು. ಆಗ ನೀರು ನಿಲ್ಲಿಸಿ, ಗಿಡವನ್ನು ನೆಲಮಟ್ಟಕ್ಕೆ ಕೊಯ್ದು, ಹತ್ತು ದಿನ ಅತ್ತ ಸುಳಿಯಬಾರದು. ಒಳಗೇ ಸಿಪ್ಪೆ ಗಟ್ಟಿಯಾಗುತ್ತದೆ. ಕಿತ್ತ ಮೇಲೆ ಹಪ್ಪಳದ ಹಾಗೆ ಬಿಸಿಲಿಗೆ ಹರವುವ ಉತ್ಸಾಹವೂ ಬೇಡ; ಬೆಳಕು ಬಿದ್ದರೆ ಹಸಿರಾಗಿ, ಕಹಿಯಾಗಿ, ಹೊಟ್ಟೆ ಕೆಡಿಸುತ್ತದೆ. ಮಣ್ಣು ಕೊಡವಿ ಕತ್ತಲ ಮೂಲೆಯಲ್ಲಿಡಿ. ಈರುಳ್ಳಿಯ ಪಕ್ಕ ಮಾತ್ರ ಇಡಬೇಡಿ, ಎರಡೂ ಬೇಗ ಕೆಡುತ್ತವೆ ಎನ್ನುತ್ತಾರೆ. ನಮ್ಮ ಮನೆಯಲ್ಲಿ ಜಾಗವಿರುವುದೇ ಅಲ್ಲಿ. ಭಾನುವಾರದ ಪೂರಿ-ಸಾಗು ಅವು ಕೆಡುವ ತನಕ ಎಲ್ಲಿ ಬಿಡುತ್ತದೆ ಹೇಳಿ!