ವಕ್ಫ್ ಆದ ಜ್ಞಾನ ಮತ್ತು ನಮ್ಮ ಮಕ್ಕಳು

ಮಸ್ಜಿದ್‌ನ ಕಪಾಟಿನಲ್ಲಿರುವ ಕುರ್‌ಆನ್ ಪ್ರತಿಗಳನ್ನು ತೆರೆದು ನೋಡಿದರೆ ಅನೇಕ ಪ್ರತಿಗಳ ಮೊದಲ ಪುಟದಲ್ಲಿ ‘ವಕ್ಫ್’ ಎಂದು ಬರೆದಿರುತ್ತದೆ. ಅದನ್ನು ಯಾರೂ ಮಾರುವಂತಿಲ್ಲ, ಸ್ವಂತದ್ದೆಂದು ಇಟ್ಟುಕೊಳ್ಳುವಂತಿಲ್ಲ. ಓದಬಯಸುವವರು ಯಾರೇ ಆಗಲಿ, ತೆಗೆದುಕೊಂಡು ಓದಬಹುದು. ಮನುಷ್ಯನು ಮರಣ ಹೊಂದಿದ ಮೇಲೂ ಪ್ರತಿಫಲ ನಿಲ್ಲದ ಮೂರು ಸತ್ಕರ್ಮಗಳಲ್ಲಿ ಜನರಿಗೆ ಪ್ರಯೋಜನವಾಗುವ ಜ್ಞಾನವೂ ಒಂದೆಂದು ಪ್ರವಾದಿವರ್ಯರು(ಸ) ಕಲಿಸಿದ್ದಾರೆ. ಬಾಲ್ಯದಿಂದಲೂ ಕೇಳುತ್ತಾ ಬಂದ ಈ ಬೋಧನೆಯ ವ್ಯಾಪ್ತಿ ನನಗೆ ಮನದಟ್ಟಾದದ್ದು ಮೈಸೂರಿನಲ್ಲಿ, ಉದಯಗಿರಿಯ ಮಕ್ಕಳ ಸಂಜೆಯ ಪಾಠಕ್ಕೆ ಸಾಮಗ್ರಿ ಹುಡುಕುತ್ತಿದ್ದಾಗ.

ಮೈಸೂರು ವಿಶ್ವವಿದ್ಯಾನಿಲಯವು ಕನ್ನಡ ವಿಶ್ವಕೋಶವನ್ನು 14 ಸಂಪುಟಗಳಲ್ಲಿ ಹೊರತಂದಿದೆ. ನಾಲ್ಕೈದು ದಶಕಗಳ ಹಿಂದೆ ವಿದ್ವಾಂಸರು ಹಗಲಿರುಳು ದುಡಿದು ಬರೆದ ಆ ಲೇಖನಗಳು ಗ್ರಂಥಾಲಯದ ಗಾಜಿನ ಬೀರುವಿನಲ್ಲಿಯೇ ಉಳಿದಿದ್ದರೆ ನಮ್ಮ ಮಕ್ಕಳ ಕಣ್ಣಿಗೆ ಬೀಳುತ್ತಿರಲಿಲ್ಲ. 2014ರಲ್ಲಿ ವಿಶ್ವವಿದ್ಯಾನಿಲಯವು ಅದರ ಆರು ಸಂಪುಟಗಳನ್ನು ಕ್ರಿಯೇಟಿವ್ ಕಾಮನ್ಸ್ ಪರವಾನಗಿಯಡಿ ಲೋಕಕ್ಕೆ ಬಿಟ್ಟುಕೊಟ್ಟಿತು. ಈಗ ಅದನ್ನು ಯಾರೂ ಓದಬಹುದು, ನಕಲು ಮಾಡಬಹುದು, ತಿದ್ದಿ ಬೆಳೆಸಬಹುದು. ಷರತ್ತುಗಳು ಮುಖ್ಯವಾಗಿ ಎರಡು: ಮೂಲವನ್ನು ಹೆಸರಿಸಬೇಕು, ಅದರಿಂದ ಹೊಸದೇನನ್ನಾದರೂ ಮಾಡಿ ಹಂಚಿದರೆ ಅದನ್ನೂ ಇದೇ ರೀತಿ ಮುಕ್ತವಾಗಿಡಬೇಕು. ವಕ್ಫ್ ಮಾಡಿದವರ ಷರತ್ತನ್ನು ಗೌರವಿಸಬೇಕೆಂಬುದು ನಮ್ಮ ಧರ್ಮಶಾಸ್ತ್ರದ ನಿಯಮ. ಹೆಸರು ಬೇರೆಯಾದರೂ ಇಲ್ಲಿನ ಆಶಯ ನಮಗೆ ಅಪರಿಚಿತವಲ್ಲ.

ನಗರದ ಪಶ್ಚಿಮಕ್ಕೆ, ಮಾನಸಗಂಗೋತ್ರಿಯಲ್ಲಿ ಭಾರತೀಯ ಭಾಷಾ ಸಂಸ್ಥಾನವಿದೆ. ಅಲ್ಲಿಂದ 2016ರಲ್ಲಿ ಆರಂಭವಾದ ‘ಭಾರತವಾಣಿ’ ನಾಡಿನ ಹಲವು ಭಾಷೆಗಳ ನಿಘಂಟುಗಳನ್ನು ಉಚಿತವಾಗಿ ಒದಗಿಸುತ್ತಿದೆ. ಮನೆಯಲ್ಲಿ ದಖನಿ ಉರ್ದು, ಶಾಲೆಯಲ್ಲಿ ಕನ್ನಡ, ಪದವಿಪೂರ್ವಕ್ಕೆ ಹೋದೊಡನೆ ಇಂಗ್ಲಿಷ್ ಎಂಬ ಮೂರು ದಡಗಳ ನಡುವೆ ಈಜುವ ಮಗುವಿಗೆ ನಿಘಂಟು ದೋಣಿಯಿದ್ದಂತೆ. ‘ವಿಭವಾಂತರ’ ಎಂಬ ಪದದ ಮುಂದೆ ನಮ್ಮ ಮಕ್ಕಳು ತಡವರಿಸುತ್ತಾರೆ. (ಮನೆಮಾತು ಕನ್ನಡವಾಗಿರುವ ಮಕ್ಕಳೂ ಅಷ್ಟೇ ತಡವರಿಸುತ್ತಾರೆ ಎಂಬುದನ್ನು ನ್ಯಾಯವಾಗಿ ಹೇಳಲೇಬೇಕು.)

ಭೌತವಿಜ್ಞಾನಿ ಕಾರ್ಲ್ ವೀಮನ್ ನೊಬೆಲ್ ಪ್ರಶಸ್ತಿ ಪಡೆದ ಮರುವರ್ಷ, ಅಂದರೆ 2002ರಲ್ಲಿ, ಅಮೆರಿಕದ ಕೊಲೊರಾಡೊ ವಿಶ್ವವಿದ್ಯಾನಿಲಯದಲ್ಲಿ ‘ಫೆಟ್’ ಎಂಬ ಯೋಜನೆಯನ್ನು ಸ್ಥಾಪಿಸಿದರು. ವಿಜ್ಞಾನದ ಪ್ರಯೋಗಗಳನ್ನು ಪರದೆಯ ಮೇಲೆ ಮಾಡಿ ನೋಡುವ ಈ ಸಾಧನಗಳು ಉಚಿತ; ಹಲವು ಕನ್ನಡದಲ್ಲೂ ಇವೆ; ಒಮ್ಮೆ ಇಳಿಸಿಕೊಂಡರೆ ಅಂತರ್ಜಾಲದ ಸಂಪರ್ಕವಿಲ್ಲದೆಯೂ ನಡೆಯುತ್ತವೆ. ವಿದ್ಯುತ್ ಮಂಡಲದ ಪಾಠದ ದಿನ ಎಂಟನೆಯ ತರಗತಿಯ ಹುಡುಗಿಯೊಬ್ಬಳು ಬಲ್ಬನ್ನು ಬಿಟ್ಟು ಬ್ಯಾಟರಿಯ ಎರಡು ತುದಿಗಳನ್ನು ತಂತಿಯಿಂದ ನೇರವಾಗಿ ಜೋಡಿಸಿಬಿಟ್ಟಳು. ಪರದೆಯಲ್ಲಿ ಬ್ಯಾಟರಿಗೆ ಬೆಂಕಿ ಹೊತ್ತಿಕೊಂಡಿತು. ಎಲ್ಲರೂ ನಕ್ಕರು. ಅವಳು ಮಾತ್ರ ನಗಲಿಲ್ಲ. ಬಲ್ಬಿದ್ದಾಗ ಏಕೆ ಹೊತ್ತಿಕೊಳ್ಳಲಿಲ್ಲ ಎಂದು ಕೇಳಿದಳು. ರೋಧದ ಪಾಠವನ್ನು ನಾನು ಆ ಪ್ರಶ್ನೆಯಿಂದಲೇ ಆರಂಭಿಸಿದೆ. ಹಲಗೆಯ ಮೇಲೆ ಸೂತ್ರ ಬರೆದುಕೊಟ್ಟಿದ್ದರೆ ಅಂತಹ ಪ್ರಶ್ನೆ ಹುಟ್ಟುತ್ತಿರಲಿಲ್ಲ.

ಹೀಗಿರುವಾಗ ಕೊರತೆ ಸಾಮಗ್ರಿಯದ್ದಲ್ಲ. ಪಠ್ಯಪುಸ್ತಕಗಳು ಉಚಿತವಾಗಿ ಸಿಗುತ್ತವೆ. ಅವುಗಳ ಪುಟಗಳಲ್ಲಿರುವ ಕ್ಯೂಆರ್ ಸಂಕೇತವು ‘ದೀಕ್ಷಾ’ದ ಪಾಠಗಳಿಗೆ ಕೊಂಡೊಯ್ಯುತ್ತದೆ. ಕೊರತೆಯಿರುವುದು ಬೇರೆಡೆ. 2020ರಲ್ಲಿ ಶಾಲೆಗಳು ಮುಚ್ಚಿ, ಚಂದನ ವಾಹಿನಿಯಲ್ಲಿ ‘ಸಂವೇದ’ ಪಾಠಗಳು ಬರುತ್ತಿದ್ದ ಕಾಲದಲ್ಲಿ ನಾನು ಅದನ್ನು ಹತ್ತಿರದಿಂದ ಕಂಡೆ. ಮನೆಗೊಂದೇ ಮೊಬೈಲ್. ಹಗಲಿನಲ್ಲಿ ಅದು ತಂದೆಯ ಜೊತೆ ಕೆಲಸಕ್ಕೆ ಹೋಗುತ್ತಿತ್ತು. ಸಂಜೆ ಮಗನ ಕೈಸೇರುತ್ತಿತ್ತು. ಮಗಳ ಸರದಿ ಬರುವಷ್ಟರಲ್ಲಿ ಡೇಟಾ ಮುಗಿದಿರುತ್ತಿತ್ತು. ಶಾಲೆಗಳು ತೆರೆದು ವರ್ಷಗಳಾದರೂ ಆ ಸರದಿ ಬದಲಾಗಿಲ್ಲ.

ಕೇಳಿದರೆ ತಂದೆಯಂದಿರು ಭಯವನ್ನು ಮುಂದಿಡುತ್ತಾರೆ. ಅಂತರ್ಜಾಲದಲ್ಲಿ ಕೆಡುಕಿದೆ ಎಂಬ ಭಯ ಸುಳ್ಳಲ್ಲ. ಆದರೆ ಅದೇ ಕೆಡುಕು ಮಗನನ್ನು ಮುಟ್ಟುವುದಿಲ್ಲವೇ? ದೃಷ್ಟಿಯನ್ನು ತಗ್ಗಿಸಬೇಕೆಂಬ ಆದೇಶವನ್ನು ಸೂರಃ ಅನ್ನೂರ್‌ನಲ್ಲಿ ಅಲ್ಲಾಹನು ಮೊದಲು ನೀಡಿರುವುದು ಪುರುಷರಿಗೆ. ಇನ್ನು ಜ್ಞಾನದ ವಿಷಯದಲ್ಲಿ, ಸಹಾಬಿಗಳೇ ಸಂಶಯ ಪರಿಹಾರಕ್ಕಾಗಿ ಹಝ್ರತ್ ಆಯಿಷಾ(ರ) ಅವರ ಬಳಿಗೆ ಹೋಗುತ್ತಿದ್ದರು ಎಂಬ ಚರಿತ್ರೆ ಇರುವ ಸಮುದಾಯ ನಮ್ಮದು.

ಆದ್ದರಿಂದ ನಾವು ಮೊಬೈಲನ್ನು ಬದಿಗಿಟ್ಟೆವು. ಮಸ್ಜಿದ್‌ನ ಪಕ್ಕದ ಕೋಣೆಯಲ್ಲಿ ಹಳೆಯದೊಂದು ಕಂಪ್ಯೂಟರ್, ಎಲ್ಲರಿಗೂ ಕಾಣುವಂತೆ ತಿರುಗಿಸಿಟ್ಟ ಪರದೆ, ಮಗ್‌ರಿಬ್‌ನಿಂದ ಇಶಾವರೆಗಿನ ಸಮಯ, ಜೊತೆಯಲ್ಲಿ ಒಬ್ಬ ಹಿರಿಯರು. ಬೇಕಾದುದನ್ನು ಮೊದಲೇ ಇಳಿಸಿಟ್ಟಿರುತ್ತೇವೆ. ಆ ಹೊತ್ತಿನಲ್ಲಿ ಅಂತರ್ಜಾಲದ ಅಗತ್ಯವೇ ಇಲ್ಲ. ಇದಕ್ಕೆ ತಗಲುವ ಖರ್ಚು ಒಂದು ಸಾಧಾರಣ ವಲೀಮಾದ ಬಿರಿಯಾನಿಯ ಕಾಲುಭಾಗವೂ ಅಲ್ಲ. ಅಮೃತಶಿಲೆಗೆ ಚಂದಾ ಎತ್ತುವಾಗ ಕಾಣುವ ಉತ್ಸಾಹ ಇಂತಹ ಕೋಣೆಗೆ ಏಕೆ ಇಲ್ಲವೆಂಬುದು ನನಗೆ ಇಂದಿಗೂ ಅರ್ಥವಾಗಿಲ್ಲ.

ಉಚಿತವಾದುದೆಲ್ಲ ವಕ್ಫ್ ಅಲ್ಲ ಎಂಬ ಎಚ್ಚರವೂ ಬೇಕು. ಒಂದು ವಾರ ಉಚಿತವೆಂದು ಹೇಳಿ, ಎಂಟನೆಯ ದಿನ ಶುಲ್ಕ ಕೇಳುವುದು ವ್ಯಾಪಾರ. ತಪ್ಪು ಉತ್ತರವನ್ನು ಆತ್ಮವಿಶ್ವಾಸದಿಂದ ಹೇಳುವ ವಿಡಿಯೋಗಳಿಗೂ ಬರವಿಲ್ಲ. ಬಂದ ಸುದ್ದಿಯನ್ನು ಪರಿಶೀಲಿಸಬೇಕೆಂಬ ಸೂರಃ ಅಲ್‌ಹುಜುರಾತ್‌ನ ಆದೇಶವನ್ನು ಮಕ್ಕಳಿಗೆ ಇಲ್ಲಿಯೇ ಅಭ್ಯಾಸ ಮಾಡಿಸುತ್ತೇವೆ: ವಿಡಿಯೋದಲ್ಲಿ ಕೇಳಿದ್ದನ್ನು ಪಠ್ಯಪುಸ್ತಕದೊಂದಿಗೆ ಹೋಲಿಸಿ ನೋಡಿದ ಮೇಲಷ್ಟೇ ಬರೆದುಕೊಳ್ಳಬೇಕು.

ಹೋದ ತಿಂಗಳು, ಮಗಳನ್ನು ಕರೆದೊಯ್ಯಲು ಬಂದು ದಿನವೂ ಬಾಗಿಲಲ್ಲೇ ನಿಲ್ಲುತ್ತಿದ್ದ ತಾಯಿಯೊಬ್ಬರು ಒಳಗೆ ಬಂದು, ಉರ್ದು ಮಾಧ್ಯಮದ ಪುಸ್ತಕಗಳೂ ಇದರಲ್ಲಿ ಸಿಗುತ್ತವೆಯೇ ಎಂದು ಮೆಲ್ಲನೆ ಕೇಳಿದರು. ಏಳನೆಯ ತರಗತಿಗೇ ಅವರ ಓದು ನಿಂತಿತ್ತಂತೆ. ಎಂಟನೆಯ ತರಗತಿಯ ಗಣಿತವನ್ನು ಇಳಿಸಿಕೊಟ್ಟೆವು. ಈಗ ಅವರು ಅರ್ಧ ಗಂಟೆ ಮೊದಲೇ ಬರುತ್ತಾರೆ.