ಲಗ್ನಪತ್ರಿಕೆಯಲ್ಲಿ ಎರಡು ಹೆಸರು

ಗದಗಿನ ಪ್ರೆಸ್ಸೊಂದರಲ್ಲಿ ನನ್ನ ಲಗ್ನಪತ್ರಿಕೆಯ ಕರಡು ತಿದ್ದುತ್ತ ಕೂತಿದ್ದೆ. ಅಲ್ಲಿನ ಹಿರಿಯರು ಕೇಳಿದರು: “ತಂದಿ ಹೆಸರು ಏನ್ ಹಾಕೋಣ್ರಿ ತಂಗಿ?” ಬಹಳ ಸಾದಾ ಪ್ರಶ್ನೆ. ಉತ್ತರಕ್ಕೆ ನಾನು 10 ವರ್ಷ ತೆಗೆದುಕೊಂಡಿದ್ದೆ.

ನನಗೆ 6 ವರ್ಷವಿದ್ದಾಗ ಅಪ್ಪ ತೀರಿಕೊಂಡರು. ಅವ್ವ ನನ್ನನ್ನು ಕಟ್ಟಿಕೊಂಡು ಲಕ್ಷ್ಮೇಶ್ವರದ ತವರಿಗೆ ಬಂದಳು. 2015ರಲ್ಲಿ, ನನಗೆ 17 ನಡೆಯುತ್ತಿದ್ದಾಗ, ಆಕೆ ಮತ್ತೆ ಮದುವೆಯಾದಳು. ಅವರು ನಮ್ಮ ಕಡೆಯವರೇ, ಆದರೆ ಅಮೆರಿಕದ ಪೌರರಾಗಿ ಎಷ್ಟೋ ವರ್ಷಗಳಾಗಿದ್ದವು. ಓಣಿಯಲ್ಲಿ ಒಂದಿಷ್ಟು ಮಾತು ಎದ್ದವು. ಆಯಿ ಕಟ್ಟೆಯ ಮೇಲೆ ಕೂತು, “ಉಡಿಕಿ ಅನ್ನೂದು ನಮ್ಮ ಮಂದಿಗೆ ಹೊಸಾದೇನ್ರೆ? ಹಿಂದ ಮಾಡ್ತಿದ್ದಿಲ್ಲೇನು?” ಎಂದು ಎಲ್ಲರ ಬಾಯಿ ಮುಚ್ಚಿಸಿದಳು. ನನ್ನ ಬಾಯಿ ಮಾತ್ರ ಮುಚ್ಚಿಸಲಾಗಲಿಲ್ಲ. ಹೊಸಬರನ್ನು ‘ಕಾಕಾ’ ಎಂದು ಕರೆದೆ. ಅದಕ್ಕಿಂತ ಹತ್ತಿರಕ್ಕೆ ಬರಗೊಡಲಿಲ್ಲ.

ಅವ್ವನ ಅರ್ಜಿಯ ಜತೆಗೇ ನನ್ನದನ್ನೂ ಹಾಕಬೇಕೆಂದು ಕಾಕಾ ಅಂದುಕೊಂಡಿದ್ದರು. ಹೆಂಡತಿಯ ಮೊದಲ ಮದುವೆಯ ಮಗುವಿಗೂ ಅಮೆರಿಕದ ಕಾನೂನಿನಲ್ಲಿ ಜಾಗವಿದೆ. ಮಗುವಿಗೆ 18 ತುಂಬುವ ಮೊದಲು ಆ ಮದುವೆ ನಡೆದಿದ್ದರೆ ಸಾಕು, ಮಲತಂದೆಯೂ ಅರ್ಜಿ ಹಾಕಬಹುದು. ದತ್ತಕ ಬೇಕಿಲ್ಲ. ತಂದೆ ಅಲ್ಲಿಯ ಪೌರನಾಗಿದ್ದು, ಮಗುವಿಗೆ 21 ತುಂಬದೆ, ಮದುವೆಯೂ ಆಗದಿದ್ದರೆ ಸರದಿ ಸಾಲೇ ಇಲ್ಲ. ಐ-130 ಎಂಬ ಒಂದು ಅರ್ಜಿ, ಒಂದಿಷ್ಟು ದಾಖಲೆ, ಮುಂಬಯಿಯಲ್ಲಿ ಒಂದು ಸಂದರ್ಶನ.

ಕಾಕಾ ಫೋನಿನಲ್ಲಿ ನನ್ನ ಜನನ ಪ್ರಮಾಣಪತ್ರ ಕೇಳಿದರು. “ನನಗ ಅಪ್ಪ ಒಬ್ರ. ನಿಮ್ಮ ಮಗಳು ಅಂತ ಬರಕೊಂಡು ನಾ ಎಲ್ಲಿಗೂ ಬರಂಗಿಲ್ಲ” ಎಂದೆ. ಅವರು ಒತ್ತಾಯಿಸಲಿಲ್ಲ. ನಮ್ಮ ಕಥೆಗಳಲ್ಲಿ ಮಲಮಗಳು ಎಂದರೆ ಅಳುವುದಕ್ಕೇ ಹುಟ್ಟಿದವಳು. ಆ ಹೆಸರಿನ ಕೆಳಗೆ ನಿಲ್ಲಲು ನನಗೆ ಮನಸ್ಸಿರಲಿಲ್ಲ. ಅವ್ವ ಹೋದಳು. ನಾನು ಆಯಿ, ಅಜ್ಜನ ಹತ್ತಿರ ಉಳಿದೆ. 2019ರಲ್ಲಿ ನನಗೆ 21 ತುಂಬಿತು. ಸಾಲಿಲ್ಲದ ಆ ಬಾಗಿಲು ಸದ್ದಿಲ್ಲದೆ ಮುಚ್ಚಿತು.

2020ರ ಲಾಕ್‌ಡೌನಿನಲ್ಲಿ ಅಜ್ಜ ಹೋದ. ವಿಮಾನಗಳಿರಲಿಲ್ಲ. ಅವ್ವ ತನ್ನ ತಂದೆಯ ಮಣ್ಣನ್ನು ಫೋನಿನಲ್ಲಿ ನೋಡಿದಳು. ಫೋನನ್ನು ಹಿಡಿದವಳು ನಾನು. ತೆರೆಯ ಆ ಕಡೆ ಅವ್ವ ಕುಸಿದಾಗ ಅವಳ ಹೆಗಲು ಹಿಡಿದದ್ದು ಕಾಕಾನ ಕೈ. ಅದೇ ವರ್ಷ ಜನನ ಪ್ರಮಾಣಪತ್ರ ಕಳಿಸಿದೆ. ಕಾಕಾ ಮರುಮಾತಾಡದೆ ಅರ್ಜಿ ಹಾಕಿದರು. ಆದರೆ ಈಗ ನಾನು ‘ಪೌರರ 21 ದಾಟಿದ ಅವಿವಾಹಿತ ಮಗಳು’. ಎಫ್-1 ಎಂಬ ಸಾಲು. ಪ್ರತಿ ತಿಂಗಳು ಹೊರಡುವ ವೀಸಾ ಬುಲೆಟಿನ್ನಿನಲ್ಲಿ ಯಾವ ವರ್ಷದ ಅರ್ಜಿಗಳ ಸರದಿ ಬಂದಿದೆ ಎಂದು ನೋಡಿಕೊಳ್ಳಬೇಕು. 2025ರ ನಡುವಿಗೆ ಆ ಸಾಲಿನಲ್ಲಿ 2016ರವರ ಸರದಿ ನಡೆದಿತ್ತು.

ಅಷ್ಟರಲ್ಲಿ ಮುಂಡರಗಿಯ ಸಂಬಂಧ ಬಂತು. ಹುಡುಗ ಹೈಸ್ಕೂಲು ಮಾಸ್ತರ. ಹುಡುಗಿ ನೋಡುವ ಶಾಸ್ತ್ರ ಮುಗಿದ ಮೇಲೆ ಇಬ್ಬರೂ ಒಮ್ಮೆ ನಮ್ಮೂರ ಸೋಮೇಶ್ವರ ಗುಡಿಯಲ್ಲಿ ಭೇಟಿಯಾದೆವು. ಸೌರಾಷ್ಟ್ರದಿಂದ ವ್ಯಾಪಾರಕ್ಕೆ ಬಂದ ಆದಯ್ಯ ಪುಲಿಗೆರೆಯ ಜೈನರ ಹುಡುಗಿ ಪದ್ಮಾವತಿಯನ್ನು ಮದುವೆಯಾದ ಕಥೆ ರಾಘವಾಂಕನ ಸೋಮನಾಥ ಚಾರಿತ್ರದಲ್ಲಿದೆ. ಆ ಪುಲಿಗೆರೆಯೇ ಲಕ್ಷ್ಮೇಶ್ವರ. ಮಾಸ್ತರು ಅದನ್ನು ನೆನೆದು, “ಆದಯ್ಯಗ ಯಾವ ಕಾಗದನೂ ಬೇಕಾಗಿದ್ದಿಲ್ಲ ನೋಡ್ರಿ” ಎಂದು ನಕ್ಕರು. ನಾನು ನಗಲಿಲ್ಲ. ನನ್ನ ಕಾಗದದ ಕಥೆಯನ್ನೆಲ್ಲ ಅಲ್ಲೇ ಕಲ್ಲಿನ ಜಗತಿಯ ಮೇಲೆ ಕೂತು ಹೇಳಿದೆ.

ನಾನು ಮದುವೆಯಾದರೆ ಅರ್ಜಿ ಸಾಯುವುದಿಲ್ಲ, ಸಾಲು ಬದಲಾಗುತ್ತದೆ. ‘ಪೌರರ ವಿವಾಹಿತ ಮಗಳು’, ಎಫ್-3. ಅರ್ಜಿಯ ಹಳೆಯ ತಾರೀಖು ಉಳಿಯುತ್ತದೆ, ಗಂಡನೂ ನನ್ನ ಜತೆಗೇ ಬರಬಹುದು. ಆದರೆ ಎಫ್-1ರಲ್ಲಿ 2016ರವರ ಸರದಿ ನಡೆದಾಗ ಎಫ್-3ರಲ್ಲಿ ಇನ್ನೂ 2011ರವರದು. ಮದುವೆ ಮುಂದೂಡಿ ಒಬ್ಬಳೇ ಹೋದರೆ, ಗ್ರೀನ್ ಕಾರ್ಡ್ ಬಂದ ಮೇಲೆ ಮದುವೆಯಾಗಿ ಗಂಡನಿಗಾಗಿ ಬೇರೆ ಅರ್ಜಿ, ಅದಕ್ಕೆ ಬೇರೆ ಕಾಯುವಿಕೆ. ಸಿನಿಮಾದಲ್ಲಿ ಬರುವ ಫಿಯಾನ್ಸೆ ವೀಸಾ, ಕೆ-1, ನಮಗೆ ಸಲ್ಲದು. ಅದನ್ನು ಕೇಳುವ ಹಕ್ಕು ಅಮೆರಿಕದ ಪೌರರಿಗೆ ಮಾತ್ರ. ನಮ್ಮಲ್ಲಿ ನಿಶ್ಚಯವಾದರೆ ಅರ್ಧ ಮದುವೆಯಾದ ಹಾಗೆ. ನನ್ನ ಕಡತದಲ್ಲಿ ಅದಕ್ಕೆ ಒಂದು ಖಾನೆಯೂ ಇಲ್ಲ.

ಒಬ್ಬ ಏಜೆಂಟ್ ಸುಲಭದ ದಾರಿ ಹೇಳಿದ: “ಅಕ್ಕಿಕಾಳು ಹಾಕಿಸ್ಕೊಳ್ರಿ, ನೋಂದಣಿ ಮಾಡಿಸಬ್ಯಾಡ್ರಿ. ಅಲ್ಲಿ ಲಗ್ನ ಆಗಿಲ್ಲ ಅಂತ ಹೇಳಿದ್ರಾತು.” 1955ರ ಹಿಂದೂ ವಿವಾಹ ಕಾಯ್ದೆಯ ಪ್ರಕಾರ ಸಂಪ್ರದಾಯದಂತೆ ನಡೆದ ಮದುವೆ ನೋಂದಣಿಯಾಗದಿದ್ದರೂ ಮದುವೆಯೇ. ಮುಂಬಯಿಯ ಸಂದರ್ಶನದಲ್ಲಿ ಬಲಗೈ ಎತ್ತಿ ಪ್ರಮಾಣ ಮಾಡಿ, ಅವಿವಾಹಿತೆ ಎಂದು ಸುಳ್ಳು ಹೇಳಿ, ಅದು ಎಂದಾದರೂ ಹೊರಬಿದ್ದರೆ ನನಗೆ ಆ ದೇಶದ ಬಾಗಿಲು ಕಾಯಂ ಮುಚ್ಚಬಹುದು. ಅದಕ್ಕಿಂತ ಹೆಚ್ಚಾಗಿ, ಗಂಡನನ್ನು ಇಲ್ಲವೆನ್ನುವ ಸಂಸಾರ ಎಂಥದ್ದು? ಒಬ್ಬರನ್ನು ಇಲ್ಲವೆಂದು ನಟಿಸಿ ಎಷ್ಟು ವರ್ಷ ಕಳೆದೆನೆಂಬುದು ನನಗೆ ಗೊತ್ತಿತ್ತು.

ಇದನ್ನೆಲ್ಲ ಓದುತ್ತ ಹೋದಾಗ ಒಂದು ಸಂಗತಿ ಕಣ್ಣಿಗೆ ಬಿತ್ತು. ಅವ್ವ ಇಂದಿಗೂ ಭಾರತದ ಪಾಸ್‌ಪೋರ್ಟ್ ಬಿಟ್ಟಿಲ್ಲ. ಅವಳದು ಗ್ರೀನ್ ಕಾರ್ಡ್ ಮಾತ್ರ. ಗ್ರೀನ್ ಕಾರ್ಡ್ ಇದ್ದವರು ಮದುವೆಯಾಗದ ಮಕ್ಕಳಿಗಷ್ಟೇ ಅರ್ಜಿ ಹಾಕಬಹುದು. ನನ್ನ ಅರ್ಜಿ ಅವ್ವನ ಹೆಸರಿನಲ್ಲಿದ್ದಿದ್ದರೆ ನನ್ನ ಕೊರಳಿಗೆ ತಾಳಿ ಬಿದ್ದ ಗಳಿಗೆಗೇ ಅದು ರದ್ದಾಗುತ್ತಿತ್ತು. ಹೆತ್ತವಳಿಗೆ ಇಲ್ಲದ ಹಕ್ಕು, ನಾನು ಹೊಸ್ತಿಲ ಹೊರಗೆ ನಿಲ್ಲಿಸಿದ್ದ ಕಾಕಾನಿಗಿತ್ತು. ದೂರದ ಒಂದು ಸರಕಾರ 2015ರಿಂದಲೇ ಅವರನ್ನು ನನ್ನ ತಂದೆ ಎಂದು ಒಪ್ಪಿತ್ತು. ಒಪ್ಪದೆ ಉಳಿದವಳು ನಾನೊಬ್ಬಳೇ.

ರಾತ್ರಿ ಆಯಿಗೆ ಹೇಳಿದೆ. ಆಕೆ ತನ್ನ ಅವ್ವನ ಕಥೆ ತೆಗೆದಳು. ಆಗ ಶಿರಹಟ್ಟಿ ಸಾಂಗ್ಲಿ ಸಂಸ್ಥಾನದ್ದು, ಲಕ್ಷ್ಮೇಶ್ವರ ಮಿರಜ ಸಂಸ್ಥಾನದ್ದು, ಮುಂಡರಗಿ ಬ್ರಿಟಿಷರ ಧಾರವಾಡ ಜಿಲ್ಲೆಯದು. ಶಿರಹಟ್ಟಿಯ ಒಂದೇ ಮನೆಯ ಇಬ್ಬರು ಹೆಣ್ಣುಮಕ್ಕಳಲ್ಲಿ ಒಬ್ಬಳು ಲಕ್ಷ್ಮೇಶ್ವರಕ್ಕೆ, ಇನ್ನೊಬ್ಬಳು ಮುಂಡರಗಿಗೆ ಸೊಸೆಯಾಗಿ ಹೋದರು. ಹುಟ್ಟಿದ್ದು ಒಂದು ಸರಕಾರದಲ್ಲಿ, ಬಾಳಿದ್ದು ಬೇರೆ ಬೇರೆ ಸರಕಾರಗಳಲ್ಲಿ. “ಕೊಲ್ಲಾರಿ ಗಾಡಿ ಹೂಡಿ ಹೋಗಿಬಂದು ಮಾಡ್ತಿದ್ರವ್ವಾ. ಗಡಿ ಎಲ್ಲಿ ಬಂತು ಅಂತ ಎತ್ತಿಗೂ ಗೊತ್ತಾಗ್ತಿದ್ದಿಲ್ಲ” ಎಂದಳು. ಸ್ವಲ್ಪ ಹೊತ್ತು ಸುಮ್ಮನಿದ್ದು, “ನಿನ್ನ ಗಡಿ ದೊಡ್ಡದೈತಿ. ಆದ್ರ ಅದಕ್ಕ ಅಂಜಿ ಲಗ್ನ ನಿಲ್ಲಿಸಬ್ಯಾಡ. ಸುಳ್ಳೂ ಹೇಳಬ್ಯಾಡ” ಎಂದಳು.

ಮಾಸ್ತರಿಗೆ ಫೋನು ಮಾಡಿದೆ. “ಎಷ್ಟು ವರ್ಷ ಆಕ್ಕೈತೋ ಆಗಲಿ, ಕೂಡೇ ಕಾಯೋಣು” ಎಂದರು. ಆಮೇಲೆ ಕಾಕಾಗೆ. ಸಾಲು ಉದ್ದವಾಗುತ್ತದೆ, ನಿಮಗೆ ಮತ್ತಷ್ಟು ಕಾಗದದ ಕೆಲಸ ಎಂದೆ. “ನೀ ಲಗ್ನದ ತಯಾರಿ ಮಾಡವ್ವ. ಕಾಗದ ನನ್ನ ಕೆಲಸ” ಎಂದರು. ಹಿಂದಿನಿಂದ ಅವ್ವನ ದನಿ ಕೇಳಿಸಲಿಲ್ಲ. ಅವಳು ಅಳುತ್ತಿದ್ದಳೆಂದು ಕಾಣುತ್ತದೆ. ಅವಳ ಹತ್ತಿರ ಹೋಗಿರುವ ವರ್ಷಗಳನ್ನು ನಾನು ಇನ್ನೊಮ್ಮೆ ಮುಂದಕ್ಕೆ ಹಾಕಿದ್ದೆ. ಈ ನಿರ್ಧಾರದ ಬೆಲೆ ಅದು, ಅದನ್ನು ಕೊಡುವವಳು ನಾನೊಬ್ಬಳೇ ಅಲ್ಲ.

ಲಗ್ನ ಮಾಘದಲ್ಲಿ. ಆಮೇಲೆ ನೋಂದಣಿ ಪತ್ರವನ್ನು ಅಮೆರಿಕದ ವೀಸಾ ಕೇಂದ್ರಕ್ಕೆ ಕಳಿಸಬೇಕು. ಅದರ ಜತೆ ಲಗ್ನಪತ್ರಿಕೆಯ ಒಂದು ಪ್ರತಿಯನ್ನೂ ಇಡುತ್ತೇನೆ.

ಪ್ರೆಸ್ಸಿನ ಹಿರಿಯರು ಇನ್ನೂ ಪೆನ್ನು ಹಿಡಿದು ಕಾಯುತ್ತಿದ್ದರು. ಮೊದಲು ಅಪ್ಪನ ಹೆಸರು ಹೇಳಿದೆ, ಅದರ ಹಿಂದೆ ‘ದಿವಂಗತ’ ಎಂದು ಬರೆಸಿದೆ. ಆಮೇಲೆ ಕಾಕಾನ ಹೆಸರು ಹೇಳಿದೆ. ಅವರು ಕನ್ನಡಕದ ಮೇಲಿನಿಂದ ನೋಡಿ, “ಇವ್ರು ಏನಾಗ್ಬೇಕ್ರಿ?” ಎಂದರು.

“ತಂದಿ” ಎಂದೆ. ಅವರು ಬರೆದುಕೊಂಡರು.